ಗೊತ್ತಪ್ಪ ಮೂಲೆಯ ಕಂಬಕ್ಕೆ ತೂತು ಕೊರೆದದ್ದು

ನನ್ನ ತಮ್ಮನಿಗೆ ಕೆಲಸದವರ ನಡುವೆ ಗೊತ್ತಪ್ಪ ಅಂತಲೇ ಹೆಸರು. ಬಾಗಿಲಿಗೆ ಚಿಲಕ, ಬೀಗ, ಕೀಲು ಕೂರಿಸುವುದು ಅವನ ಕಸುಬು. ಮೂವತ್ತೊಂದು ವರ್ಷ ಮಾಡಿದ್ದಾನೆ. ಅಷ್ಟು ವರ್ಷದಲ್ಲಿ ಅವನು ಯಾರನ್ನೂ ಏನನ್ನೂ ಕೇಳಿದವನಲ್ಲ. ಯಾರಾದರೂ ಹೇಳಲು ಬಾಯಿ ತೆರೆದರೆ "ಗೊತ್ತು" ಅನ್ನುತ್ತಾನೆ, ಅವರು ಬಾಯಿ ಮುಚ್ಚುತ್ತಾರೆ. ಒಮ್ಮೆ ಹಲ್ಲಿನ ಡಾಕ್ಟರ ಕೋಣೆಯ ಬಾಗಿಲನ್ನು ಹಿಂದುಮುಂದಾಗಿ ಕೂರಿಸಿಬಿಟ್ಟ. ತೆರೆದಾಗಲೆಲ್ಲ ಅದು ಕುರ್ಚಿಯಲ್ಲಿ ಬಾಯಿ ಬಿಟ್ಟುಕೊಂಡು ಮಲಗಿದವರ ಮೊಣಕಾಲಿಗೆ ಬಡಿಯುತ್ತಿತ್ತು. ಕೇಳಿದ್ದಕ್ಕೆ, ಈಗ ಎಲ್ಲ ಕಡೆ ಹೀಗೇ ಬಂದಿದೆ ಅಂದ. ಡಾಕ್ಟರು ಪಾಪ, ನಂಬಿ ಕುರ್ಚಿಯನ್ನೇ ಆಚೆ ಸರಿಸಿಕೊಂಡರು.

ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಮೋಟಾರು ರಿಪೇರಿ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ತಂತಿ ಸುತ್ತಿದವಳು. ಪೇಟೆಯ ಅರ್ಧ ಡ್ರಿಲ್ಲುಗಳ ಹೊಟ್ಟೆ ಬಿಚ್ಚಿ ನೋಡಿದ್ದಾಳೆ. ಅವಳನ್ನೂ ಅವನು ಕೇಳಿದ್ದಿಲ್ಲ. ಅವಳದು ಡ್ರಿಲ್ಲಿನ ಒಳಗಿನ ಕೆಲಸವಂತೆ, ತನ್ನದು ಹೊರಗಿನದಂತೆ. ಇಬ್ಬರ ನಡುವೆ ಡ್ರಿಲ್ಲಿನ ಚಿಪ್ಪು ಅಡ್ಡ ಇದ್ದದ್ದರಿಂದ ಸಂಸಾರ ಸುಖವಾಗಿ ನಡೆದುಕೊಂಡು ಬಂದಿತ್ತು.

ಹೋದ ತಿಂಗಳು ಅವಳು ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಶನಿವಾರ ಮನೆಗೆ ಕಳಿಸುತ್ತೇವೆ, ಆದರೆ ಕಕ್ಕಸಿನಲ್ಲಿ ಹಿಡಿದು ಏಳಲು ಗೋಡೆಗೆ ಒಂದು ಕಂಬಿ ಇರಲೇಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಕಂಬಿ ಇಲ್ಲದಿದ್ದರೆ ತಂಗಿಯ ಮನೆಗೆ ಹೋಗಿ ಮೂರು ತಿಂಗಳು ಅಲ್ಲೇ ಇರುತ್ತೇನೆ ಎಂದು ನಾದಿನಿ ಹೇಳಿಬಿಟ್ಟಳು. ತಂಗಿ ಆಗಲೇ ಮಂಚ ಹಾಕಿಸಿದ್ದಳು. ಹೋಗಲಿ ಬಿಡು, ನನಗೇನು ಅಂದ ತಮ್ಮ. ಹಾಗಂದವನು ರಾತ್ರಿ ಊಟಕ್ಕೆ ಮೂರು ತಟ್ಟೆ ಇಟ್ಟ. ಮನೆಯಲ್ಲಿ ಇದ್ದದ್ದು ಅವನು ಮತ್ತು ಅವನ ಅಕ್ಕನಾದ ನಾನು. ನಾನು ಒಂದನ್ನು ಎತ್ತಿ ಒಳಗಿಟ್ಟೆ.

ನಮ್ಮ ಕಕ್ಕಸಿನ ಪಕ್ಕದ ಗೋಡೆ ಹಲಗೆಯದು. ಹಲಗೆಗೆ ಭಾರ ತಡೆಯುವ ಶಕ್ತಿಯಿಲ್ಲ, ಅದರ ಎರಡು ಕಂಬಕ್ಕೆ ಇದೆ. ಮುಂದಿನ ಕಂಬಕ್ಕೆ ಕಂಬಿಯ ಒಂದು ತುದಿ ಹತ್ತು ನಿಮಿಷದಲ್ಲಿ ಕೂತಿತು. ಹಿಂದಿನ ಕಂಬ ಫ್ಲಶ್ ಟ್ಯಾಂಕಿನ ಮಗ್ಗುಲಲ್ಲಿದೆ. ಕಂಬಕ್ಕೂ ಟ್ಯಾಂಕಿಗೂ ನಡುವಿನ ಸಂದು ನಾಲ್ಕೂವರೆ ಇಂಚು, ಡ್ರಿಲ್ಲೇ ಒಂಬತ್ತು ಇಂಚು. ಆಚೆಯಿಂದ ಕೊರೆಯೋಣವೆಂದರೆ ಪಕ್ಕದ ಮನೆಯ ಗೋಡೆ ಅಂಟಿಕೊಂಡಿದೆ.

ಇದಕ್ಕೊಂದು ಸಾಮಾನು ಉಂಟು. ಡ್ರಿಲ್ಲಿನ ಮೂತಿಗೆ ಸಿಕ್ಕಿಸಿದರೆ ತೂತು ಕೊರೆಯುವ ಮೊನೆ, ಅಂದರೆ ಬಿಟ್, ನೇರಕ್ಕೆ ತಿರುಗುವ ಬದಲು ಅಡ್ಡಕ್ಕೆ ತಿರುಗುತ್ತದೆ. ಆಂಗಲ್ ಅಟ್ಯಾಚ್‌ಮೆಂಟ್ ಅನ್ನುತ್ತಾರೆ. ಮಂಗಳವಾರ ತಮ್ಮ ಅದನ್ನು ಕೊಳ್ಳಲು ಹೊರಟ, ನಾನೂ ಜೊತೆಗೆ ಹೋದೆ. ಹಾರ್ಡ್‌ವೇರ್ ಅಂಗಡಿಯಮ್ಮ ಮೂರು ಬಗೆಯದನ್ನು ಮುಂದಿಟ್ಟಳು. ಒಂದು ದಪ್ಪ ಕಬ್ಬಿಣದ್ದು, ಬಿಟ್ ಕಚ್ಚಿಕೊಳ್ಳಲು ದೊಡ್ಡ ಚಕ್ ಇರುವಂಥದ್ದು. ಒಂದು ಹಾವಿನ ಹಾಗೆ ಬಳುಕುವಂಥದ್ದು. ಇನ್ನೊಂದು ಪುಟ್ಟದು, ಆರು ಮೂಲೆಯ ತೂತಿರುವಂಥದ್ದು. ಜಾಗ ಎಷ್ಟಿದೆ, ಮರಕ್ಕೋ ಸಿಮೆಂಟಿಗೋ ಎಂದು ಕೇಳಿದಳು. ಗೊತ್ತು ಅಂದ. ಪುಟ್ಟದನ್ನು ಆಟಿಕೆ ಎಂದು ಪಕ್ಕಕ್ಕೆ ತಳ್ಳಿ, ಮೂರನ್ನೂ ಕೈಯಲ್ಲಿ ತೂಗಿ ನೋಡಿ, ಕುಂಬಳಕಾಯಿ ಆರಿಸುವ ಹಾಗೆ ಭಾರದ್ದನ್ನು ಆರಿಸಿದ. ಟೇಪು ಹಿಡಿದು ಅಳೆದ. ತಲೆ ಮೂರೂಮುಕ್ಕಾಲು ಇಂಚು ಬಂತು. ಇನ್ನೂ ಮುಕ್ಕಾಲು ಇಂಚು ಮಿಗುತ್ತದೆ ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದ.

ಮನೆಗೆ ಬಂದು ಅದಕ್ಕೆ ಬಿಟ್ ಸಿಕ್ಕಿಸಿದ. ಬಿಟ್ ಮೂರು ಇಂಚು ಹೊರಗೆ ನಿಂತಿತು. ಒಟ್ಟು ಆರೂಮುಕ್ಕಾಲು. ಬಿಟ್ ಇಲ್ಲದೆ ತೂತು ಕೊರೆಯುವ ಡ್ರಿಲ್ ಲೋಕದಲ್ಲಿ ಇದ್ದಿದ್ದರೆ ಅವನ ಅಳತೆಗೆ ಹೆಸರಿಡುವ ಹಾಗಿರಲಿಲ್ಲ.

ಬುಧವಾರ ತಪ್ಪೆಲ್ಲ ಟ್ಯಾಂಕು ಮಾಡಿದವನದೇ ಎಂದು ತೀರ್ಮಾನವಾಯಿತು. ಹಾವಿನಂಥದ್ದನ್ನು ತಂದ. ಗುಂಡಿ ಒತ್ತಿದ್ದೇ ತಡ, ಅದು ಅವನ ಕೈಯಲ್ಲಿ ಹೊರಳಾಡಿ ಕಂಬವನ್ನು ಬಿಟ್ಟು ಟ್ಯಾಂಕಿನ ಮೇಲೆ ಒಂದು ಮೀಸೆ ಬರೆಯಿತು. ಗುರುವಾರ, ಒಂದು ತುದಿ ಗಟ್ಟಿಯಿದ್ದರೆ ಸಾಕು, ಇನ್ನೊಂದು ಬರೀ ಅಲಂಕಾರಕ್ಕೆ ಅಂದ. ಕೂತು ಎದ್ದು ತೋರಿಸುವ ಭಾಗ್ಯ ನನ್ನದಾಯಿತು. ನಾನು ಎದ್ದೆ, ನನ್ನ ಜೊತೆ ಕಂಬಿಯೂ ಎದ್ದಿತು.

ಶುಕ್ರವಾರ ಎರಡು ಅಟ್ಯಾಚ್‌ಮೆಂಟನ್ನೂ ಚೀಲಕ್ಕೆ ಹಾಕಿಕೊಂಡು ನನ್ನ ಜೊತೆ ಆಸ್ಪತ್ರೆಗೆ ಬಂದ. ಹೆಂಡತಿಯ ಮಂಚದ ಪಕ್ಕ ಕೂತು ವಾರ್ಡಿನ ಫ್ಯಾನು ಕಿರುಗುಟ್ಟುವುದನ್ನೂ ಕಿಟಕಿಯ ಕೀಲು ಸಡಿಲವಾದದ್ದನ್ನೂ ಹತ್ತು ನಿಮಿಷ ವಿವರಿಸಿದ. ಕಾಲು ತಾಗಿ ಚೀಲ ಸದ್ದು ಮಾಡಿತು.

"ಚೀಲದಲ್ಲಿ ಏನ್ರೀ?" ಅಂದಳು ನಾದಿನಿ.

"ಏನಿಲ್ಲ."

"ಏನಿಲ್ಲದ್ದು ಕಬ್ಬಿಣದ ಥರ ಸದ್ದು ಮಾಡುತ್ತಾ?"

ತಮ್ಮ ಎರಡನ್ನೂ ತೆಗೆದು ಹೊದಿಕೆಯ ಮೇಲಿಟ್ಟ. ಗೋಡೆಯನ್ನು ನೋಡುತ್ತ ಮೆಲ್ಲಗೆ ಕೇಳಿದ: "ಇದರಲ್ಲಿ ಯಾವುದು ಆಗುತ್ತೆ? ನೀನೇ ನೋಡು."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ನಾದಿನಿ ನಗಲಿಲ್ಲ. ನಕ್ಕರೆ ಸೊಂಟ ನೋಯುತ್ತಿತ್ತು.

"ಸಂದು ಎಷ್ಟಿದೆ?"

"ನಾಲ್ಕೂವರೆ."

"ಬಿಟ್ ಹಾಕಿ ಅಳೆದ್ರಾ?"

ತಮ್ಮ ಮತ್ತೆ ಫ್ಯಾನಿನ ಕಡೆ ನೋಡಿದ. ಅವಳು ನನ್ನ ಕಡೆ ತಿರುಗಿದಳು. "ಅತ್ತಿಗೆ, ನೀವಾದ್ರೂ ಹೇಳಬಾರದಿತ್ತಾ?"

"ಹೇಳೋಕೆ ಬಾಯಿ ತೆರೆದೆ ಕಣೇ" ಅಂದೆ. ಮುಂದೆ ಏನಾಗಿರಬಹುದು ಎಂದು ಅವಳಿಗೆ ವಿವರಿಸಬೇಕಾಗಿರಲಿಲ್ಲ.

ಎರಡನ್ನೂ ಕೈಯಲ್ಲಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. ಚಕ್ ಇರುವುದರಿಂದಲೇ ಇದರ ತಲೆ ಉದ್ದ, ಅಂಗಡಿಯಲ್ಲಿ ಆರು ಮೂಲೆಯ ತೂತಿನ ಪುಟ್ಟದು ಇರುತ್ತದೆ, ಅದನ್ನು ತನ್ನಿ ಅಂದಳು. ಆರು ಮೂಲೆಯ ಬುಡವಿರುವ ಗಿಡ್ಡ ಬಿಟ್ ಅದಕ್ಕೆ ನೇರವಾಗಿ ಕೂರುತ್ತದಂತೆ. ತಲೆ ಎರಡೂಕಾಲು, ಬಿಟ್ ಹೊರಗೆ ಒಂದೂವರೆ, ಒಟ್ಟು ಮೂರೂಮುಕ್ಕಾಲು. ಕಂಬದ ಆಚೆಗೆ ಹಾಯುವ ತೂತು ಬೇಡ, ಸ್ಕ್ರೂಗೆ ದಾರಿಯಾದರೆ ಸಾಕು. ನಿಧಾನಕ್ಕೆ ತಿರುಗಿಸಬೇಕು, ಪಕ್ಕದ ಹಿಡಿಯನ್ನು ಬಿಟ್ಟರೆ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಇನ್ನು ಆ ಸಂದಿಗೆ ಸ್ಕ್ರೂಡ್ರೈವರೂ ಹೋಗುವುದಿಲ್ಲ, ಆರು ಮೂಲೆ ತಲೆಯ ಸ್ಕ್ರೂ ತಂದು ಸ್ಪ್ಯಾನರಿನಲ್ಲಿ ಬಿಗಿಮಾಡಿ ಅಂದಳು. ಈ ಕೊನೆಯದು ತಮ್ಮನಿಗೆ ಹೊಳೆದೇ ಇರಲಿಲ್ಲ. ಔಷಧಿ ಚೀಟಿಯ ಬೆನ್ನಿಗೆ ಒಂದೊಂದನ್ನೂ ಬರೆದುಕೊಂಡ. ಎರಡೂಕಾಲು ಎಂಬುದನ್ನು ಎರಡು ಸಲ ಕೇಳಿ ಬರೆದುಕೊಂಡ.

ಅಂಗಡಿಯಮ್ಮ ಆ ಪುಟ್ಟದನ್ನು ಬುಧವಾರದಿಂದಲೇ ಕಾಗದದಲ್ಲಿ ಸುತ್ತಿ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡಿದ್ದಳು. ತಮ್ಮ ಚೀಟಿ ತೆಗೆಯುವ ಮೊದಲೇ ಕೈಗೆ ಕೊಟ್ಟಳು.

ಸಂಜೆಯೊಳಗೆ ಕಂಬಕ್ಕೆ ಎರಡು ತೂತು ಬಿದ್ದವು. ಟ್ಯಾಂಕಿಗೆ ಹೊಸ ಮೀಸೆ ಬರಲಿಲ್ಲ. ಸ್ಕ್ರೂ ಬಿಗಿಮಾಡಿ, ತಮ್ಮ ತಾನೇ ಕೂತು ಮೈಭಾರವೆಲ್ಲ ಹಾಕಿ ಕಂಬಿಯನ್ನು ಎಳೆದ. ಎಂಟು ಸಲ ಎಳೆದ. ಆಮೇಲೆ ನನ್ನನ್ನು ಕೂರಿಸಿ ಎಳೆಸಿದ. ರಾತ್ರಿ ಮೂರು ತಟ್ಟೆ ಇಡಲಿಲ್ಲ, ಊಟವನ್ನೇ ಮರೆತ.

ಶನಿವಾರ ನಾದಿನಿ ಬಂದವಳೇ ವಾಕರ್ ಹಿಡಿದು ನೇರ ಕಕ್ಕಸಿಗೆ ಹೋದಳು. ಕಂಬಿ ಹಿಡಿದು ಕೂತಳು, ಎದ್ದಳು, ಮತ್ತೆ ಕೂತಳು. ನಾವಿಬ್ಬರೂ ಬಾಗಿಲಲ್ಲಿ ಪರೀಕ್ಷೆ ಬರೆದವರ ಹಾಗೆ ನಿಂತಿದ್ದೆವು.

"ತಂಗಿಗೆ ಫೋನ್ ಮಾಡ್ರೀ, ಮಂಚ ತೆಗೆಸಲಿ" ಅಂದಳು. ಬಾಗಿಲು ಹಾಕಿಕೊಂಡಳು.

ಅವಳು ಚಿಲಕ ಹಾಕುವ ಮೊದಲೇ ತಮ್ಮ ನಂಬರು ಒತ್ತಿದ್ದ. ಮಂಚ ಬೇಡವಂತೆ ಎಂದು ಎರಡು ಮಾತಿನಲ್ಲಿ ಮುಗಿಸಿದ. ಆಮೇಲೆ ಬಾಗಿಲಿಗೆ ಒರಗಿ ನಿಂತು ಆಂಗಲ್ ಅಟ್ಯಾಚ್‌ಮೆಂಟ್ ಆರಿಸುವುದು ಹೇಗೆಂದು ನಾದಿನಿಯ ತಂಗಿಗೆ ಬುಡದಿಂದ ತಿಳಿಸಿಕೊಡಲು ಶುರುಮಾಡಿದ. "ಬಿಟ್ ಸೇರಿಸಿ ಅಳೀಬೇಕಮ್ಮಾ. ಅದು ಎಷ್ಟೋ ಜನದ ತಲೆಗೇ ಹೋಗಲ್ಲ."

ಒಳಗೆ ನಾದಿನಿ ಫ್ಲಶ್ ಒತ್ತಿದಳು. ತಮ್ಮ ದನಿ ಏರಿಸಿದ. ಅವಳು ಟ್ಯಾಂಕು ತುಂಬುವವರೆಗೆ ಕಾದು ಇನ್ನೊಂದು ಸಲ ಒತ್ತಿದಳು.