ಹಿಂದಿನ ಸೀಟು ಖಾಲಿ ಇಲ್ಲ

ಗೆಳೆಯರೇ, ಇವತ್ತು ಹಳಿಯಾಳದಲ್ಲಿ ಹುಸೇನಸಾಬರ ಹಳೆಯ ಬಾಡಿಗೆ ಕಾರು ಕಣ್ಣಿಗೆ ಬಿತ್ತು. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಹುಣಸೆಮರದ ಕೆಳಗೆ ತುಕ್ಕು ಹಿಡಿಯುತ್ತಿದೆ. ಹಿಂದೆ ದಾಂಡೇಲಿ ದಾರಿಯ ಏರಿನಲ್ಲಿ ಅದು ತೆವಳತೊಡಗಿದರೆ ನಾವೆಲ್ಲ ಇಳಿದು, ಒಳಗೆ ಗಾಡಿ ನಡೆಸುತ್ತಿದ್ದ ಸಾಬರೊಡನೆ ಹರಟುತ್ತ ಅದರ ಪಕ್ಕದಲ್ಲೇ ನಡೆಯುತ್ತಿದ್ದೆವು. ಆದರೂ ಎಂದೂ ನಡುದಾರಿಯಲ್ಲಿ ಕೈಕೊಟ್ಟ ಗಾಡಿಯಲ್ಲ!

ಗುಜರಿ ವ್ಯಾಪಾರಿಯೊಬ್ಬ ಸುತ್ತಿಗೆ ಹಿಡಿದೇ ಬಂದಿದ್ದ. “ಮಾತು ಕೊಟ್ಟೀರಿ ಸಾಬ್ರ. ಇವತ್ತ ಒಡದು ಒಯ್ತೇನಿ.”

ಸಾಬರು ಕಾರಿನ ಬಾಗಿಲಿಗೆ ಅಡ್ಡ ನಿಂತರು. “ಹಿಂದಿನ ಸೀಟಿನ್ಯಾಗ ಕೋಳಿ ಕಾವಿಗೆ ಕುಂತೈತ್ರಿ.”

“ಎತ್ತಿ ಬ್ಯಾರೆ ಕಡೆ ಇಡ್ರಿ.”

“ಕಾವಿಗೆ ಕುಂತಾಕಿನ್ನ ಎಬ್ಬಸ್ತಾರೇನ್ರಿ? ಮರಿ ಆದಮ್ಯಾಲ ಬರ್ರಿ, ನೋಡೂಣು.”

ವ್ಯಾಪಾರಿ ಗೊಣಗುತ್ತ ಹೋದ. ನಾನು ಕಿಟಕಿಯಲ್ಲಿ ಇಣುಕಿದೆ. ಸೀಟಿನ ಮೇಲೆ ಗತ್ತಿನಿಂದ ಕೂತಿದ್ದದ್ದು ಹುಂಜ. ಅದು ಮರಿ ಮಾಡುವವರೆಗೆ ಕಾರಿಗೇನೂ ಭಯವಿಲ್ಲ.