ಪೈಪಿನ ಬಾಯಿಗೆ ಟೆನಿಸ್ ಚೆಂಡು

ಬೇಸಿಗೆಯ ಸುಖವನ್ನು ಹಾಡಿ ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ವಿಕ್ಟೋರಿಯಾದ ಗುಡ್ಡಗಳಿಗೆ ಮೆಲ್ಬರ್ನ್‌ನವರು ರಜೆಗೆಂದು ಹಿಗ್ಗಿಕೊಂಡು ಬರುವ ಆ ಕಾಲದಲ್ಲಿ, ಪಕ್ಕದ ಮನೆಯ ಗ್ಲೆನಿಸ್ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಾಳೆ. ಕಾಡಿನ ಬೆಂಕಿಗೆ ಅವಳ ಹಳೆಯ ಮನೆ ಸುಟ್ಟು ಬೂದಿಯಾಗಿತ್ತು. ಈಗಿನದು ಎರಡನೆಯದು. ಬಿಸಿಗಾಳಿ ಎದ್ದ ದಿನ ಅವಳು ಏಣಿ ಹತ್ತಿ, ಸೂರಿನಂಚಿನ ತಗಡು ದೋಣಿಯಿಂದ ನೀರಿಳಿಯುವ ಪೈಪುಗಳ ಬಾಯಿಗೆ ಟೆನಿಸ್ ಚೆಂಡು ತುರುಕಿ, ದೋಣಿಯ ತುಂಬ ನೀರು ನಿಲ್ಲಿಸುತ್ತಾಳೆ. ಹಾರಿಬಂದ ಕಿಡಿ ಅದರಲ್ಲಿ ಬಿದ್ದು ಆರಲಿ ಎಂದು.

ಕಳೆದ ಜನವರಿಯಲ್ಲಿ, ನಮ್ಮಲ್ಲಿ ಅದು ನಡುಬೇಸಿಗೆ, ಅಂಥದೇ ದಿನ, ರಜೆಗೆ ಬಂದಿದ್ದ ಅವಳ ತಂಗಿಯ ಗಂಡ ಡ್ಯಾರಿಲ್ ಆ ಚೆಂಡೊಂದನ್ನು ಕಿತ್ತುಕೊಂಡು ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದ. ದೋಣಿಯ ನೀರೆಲ್ಲ ಸುರಿದುಹೋಗಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಏಯ್, ತಲೇಲಿ ಏನ್ ತುಂಬ್ಕೊಂಡಿದೀಯೋ?" ಎಂದು ಬೇಲಿಯಾಚೆಯಿಂದಲೇ ಕೂಗಿದೆ. ಗ್ಲೆನಿಸ್ ಓಡಿ ಬಂದಳು.

"ಒಂದು ಚೆಂಡಿಗೆ ಇಷ್ಟು ರಂಪಾನಾ?" ಡ್ಯಾರಿಲ್ ನಕ್ಕ. "ಬಿಸಿಲಿದೆ, ಬಿಯರ್ ಇದೆ. ನಿಂಗೆ ಸುಖಪಡೋದೇ ಗೊತ್ತಿಲ್ಲ ಗ್ಲೆನಿಸ್. ಯಾವಾಗ್ಲೂ ಚಳಿಗಾಲ ಬರಲಿ ಅಂತಿರ್ತೀಯ, ಆ ಹಾಳು ಚಳಿಗಾಲದಲ್ಲಿ ಏನು ಸುಖ ಇದೆ ಹೇಳು?"

ಗ್ಲೆನಿಸ್ ಹಗ್ಗದ ಮೇಲೆ ಒಣಗುತ್ತಿದ್ದ ಅವನ ಈಜುಚಡ್ಡಿಯನ್ನು ಎಳೆದುಕೊಂಡು ಏಣಿ ಹತ್ತಿ, ಪೈಪಿನ ಬಾಯಿಗೆ ಗಿಡಿದಳು. ಅಲ್ಲಿಂದಲೇ ಕಾಲು ಮುಂದೆ ಚಾಚಿ ತೋರಿಸಿದಳು. ಆ ಸೆಖೆಯಲ್ಲೂ ಲೇಸು ಬಿಗಿದ ದಪ್ಪ ಬೂಟು.

"ಯಾವ ರಾತ್ರಿ ಎದ್ದು ಓಡಬೇಕೋ ಅಂತ ನವೆಂಬರಿನಿಂದ ಇದನ್ನ ಹಾಕ್ಕೊಂಡೇ ಮಲಗ್ತಿದೀನಿ ಕಣೋ. ಚಳಿಗಾಲದಲ್ಲಿ ಏನು ಸುಖ ಅಂದ್ಯಲ್ಲ? ಬೂಟು ಬಿಚ್ಚಿ ಮಲಗೋದು!"