ಹದಿನಾಲ್ಕನೇ ಪುಟದ ಹೆಂಗಸು

ಕಟ್ಟಡ ಕೆಲಸದವರೆಲ್ಲ ಅವಳನ್ನು ಕ್ರೇನಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಮುಗಿಲೆತ್ತರದ ಗಾಜಿನ ಗೂಡಿನಲ್ಲಿ ಕುಳಿತು ಕಬ್ಬಿಣದ ತೊಲೆ ಎತ್ತಿ ಇಳಿಸುತ್ತಿದ್ದವಳು. ಬಿಡುವಿನಲ್ಲಿ ಓದುತ್ತಿದ್ದದ್ದು ಹಾರುವ ವೀರನೊಬ್ಬನ ಕಾಮಿಕ್ಸ್. "ಈ ವಯಸ್ಸಲ್ಲಿ ಇದೇನತ್ತಿಗೆ ಮಕ್ಕಳಾಟ?" ಎಂದು ನಾದಿನಿ ನಕ್ಕರೂ ಒಂದು ಸಂಚಿಕೆಯನ್ನೂ ಬಿಟ್ಟವಳಲ್ಲ.

ಆ ತಿಂಗಳ ಮುಖಪುಟದಲ್ಲಿ ಕ್ರೇನು ಕಂಡು ಹಿಗ್ಗಿಹೋದಳು. ಹದಿನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಮೈಯೆಲ್ಲ ಉರಿದುಹೋಯಿತು. ಬಿರುಗಾಳಿಗೆ ಕ್ರೇನು ಓಲಾಡುತ್ತಿದೆ. ನಡೆಸುವ ಹೆಂಗಸು ಕಣ್ಣು ಮುಚ್ಚಿಕೊಂಡು ಕಿರುಚುತ್ತಿದ್ದಾಳೆ. ವೀರ ಹಾರಿಬಂದು ಅವಳನ್ನು ಬೆಕ್ಕಿನ ಮರಿಯಂತೆ ಎತ್ತಿಕೊಂಡು ಹೋಗುತ್ತಾನೆ!

ಪುಸ್ತಕದಂಗಡಿಗೆ ಆ ಕಾಮಿಕ್ಸಿನ ಚಿತ್ರಕಾರ ಬಂದು ಸಹಿ ಹಾಕಿಕೊಡುತ್ತಾನೆಂದು ತಿಳಿದದ್ದೇ, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತಳು.

"ಸಹಿ ಬೇಡಪ್ಪಾ, ಈ ಪುಟ ನೋಡು. ಮೋಡ ಚೆನ್ನಾಗಿ ಬರ್ದಿದೀಯ, ಸುಳ್ಳು ಹೇಳಲ್ಲ. ಅಷ್ಟೆತ್ತರದಿಂದ ನೆಲ ಕಾಣೋದೂ ಹೀಗೇ. ಆದ್ರೆ ಇವಳ್ಯಾಕೆ ಕಣ್ಣು ಮುಚ್ಕೊಂಡಿದಾಳೆ?"

ಚಿತ್ರಕಾರ ತಬ್ಬಿಬ್ಬಾದ. "ವೀರ ಬರ್ಬೇಕಲ್ಲಮ್ಮಾ. ಕತೆಯೋರು ಹಾಗೇ ಬರ್ಕೊಟ್ರು."

"ಬಾವಿಗೆ ಬೀಳು ಅಂದ್ರೆ ಬೀಳ್ತೀಯಾ? ಹೋದ ವರ್ಷ ಇಂಥದೇ ಗಾಳೀಲಿ ಮೇಲಿದ್ದೋಳು ನಾನು. ಕೆಳಗೆ ಜನ ಇದ್ರು. ತೊಲೆ ಮೆಲ್ಲಗೆ ಇಳಿಸ್ದೆ. ಬ್ರೇಕ್ ಬಿಟ್ಟು, ಕ್ರೇನಿನ ತೋಳು ಗಾಳಿ ಜೊತೆ ತಿರುಗೋಕೆ ಬಿಟ್ಟೆ. ಬಿಗಿ ಹಿಡಿದ್ರೆ ಮುರಿದು ಬೀಳುತ್ತೆ. ನಲವತ್ತು ನಿಮಿಷ ಕೂತಿದ್ದೆ. ಯಾವನೂ ಹಾರ್ಕೊಂಡು ಬರ್ಲಿಲ್ಲ!"

ಸಾಲಿನಲ್ಲಿದ್ದವರು ಆ ಪುಟ ನೋಡಲು ಕತ್ತು ಚಾಚಿದರು.

"ನಾನು ಕ್ರೇನ್ ಹತ್ತೇ ಇಲ್ಲಮ್ಮಾ," ಎಂದ ಅವನು.

"ಗೊತ್ತಾಗುತ್ತೆ. ಏಣೀನೇ ಇಲ್ಲ ಇದ್ರಲ್ಲಿ. ಗಾಳಿಪಟ ಹಿಡ್ಕೊಂಡು ಹತ್ತಿದ್ಲಾ ಅವಳು?"

ಎರಡು ವಾರ ಕಳೆದು ಅವನು ಕಟ್ಟಡದ ಹತ್ತಿರ ಬಂದ. ಎಂಜಿನಿಯರರ ಅಪ್ಪಣೆ ಪಡೆದು ಅವಳ ಹಿಂದೆ ಏಣಿ ಹತ್ತಿದ. ಲಿವರ್ ಹಿಡಿದ ಅವಳ ಕೈ, ಕೊಕ್ಕೆಯ ಮೇಲೆ ನೆಟ್ಟ ಕಣ್ಣು, ಎಲ್ಲದರ ಚಿತ್ರ ಬರೆದುಕೊಂಡ. ವೀರನಿಲ್ಲದೆ ಅವಳೇ ಬಿರುಗಾಳಿಯನ್ನು ಎದುರಿಸುವ ಹೊಸ ಪುಟಗಳನ್ನು ಮಾಡಿ ಪ್ರಕಾಶಕರಿಗೆ ಕೊಟ್ಟ. ಅವರು ಒಪ್ಪಲಿಲ್ಲ.

"ಓದುಗರಿಗೆ ವೀರ ಬೇಕು, ಕ್ರೇನು ನಡೆಸೋರಲ್ಲ ಅಂದ್ರು," ಎಂದು ಫೋನಿನಲ್ಲಿ ಹೇಳಿದ.

"ದುಡ್ಡು ಕೊಟ್ಟು ಓದೋಳು ನಾನು! ನಾನ್ಯಾರು ಹಾಗಾದ್ರೆ?"

ಅಂದೇ ಪ್ರಕಾಶಕರಿಗೆ ನಾಲ್ಕು ಪುಟದ ಕಾಗದ ಬರೆದಳು. ಬಣ್ಣವನ್ನು ಹೊಗಳಿದಳು, ಕತೆಯನ್ನು ಸಿಗಿದುಹಾಕಿದಳು. ಉತ್ತರ ಬರಲಿಲ್ಲ, ಅವಳ ಸಿಟ್ಟೂ ಇಳಿಯಲಿಲ್ಲ. ಈಗ ಚಿತ್ರಕಾರನ ಜೊತೆ ಸೇರಿ ತಾನೇ ಒಂದು ಕತೆ ಕಟ್ಟುತ್ತಿದ್ದಾಳೆ, ಚಿತ್ರದ ಒಂದೊಂದು ಚೌಕಕ್ಕೂ ಅವನೊಂದಿಗೆ ಜಗಳವಾಡುತ್ತಾ.